ಪದ ಬೇಕು: ಫ್ರೆನೆಲ್ ಲೆನ್ಸಿಗೆ ಕನ್ನಡದಲ್ಲಿ ಏನೆನ್ನಬೇಕು? (ಸಂಜೆಯೊಳಗೆ)

ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಗುಜರಿ ಸಾಮಾನಿನಲ್ಲಿ ಪ್ರೊಜೆಕ್ಟರ್ ಕಟ್ಟಿದ್ದಾನೆ. ಕೆಟ್ಟ ಲ್ಯಾಪ್‌ಟಾಪಿನ ಪರದೆ ಬಿಚ್ಚಿ, ಹಿಂದೆ ಬೆಳಕು ಕೊಡುವ ಹಾಳೆಗಳನ್ನೆಲ್ಲ ಕಿತ್ತು, ಚಿತ್ರ ಮೂಡುವ ಗಾಜನ್ನಷ್ಟೇ ಉಳಿಸಿಕೊಂಡಿದ್ದಾನೆ. ಅದರ ಹಿಂದೆ 100 ವ್ಯಾಟಿನ ಎಲ್‌ಇಡಿ, ಮುಂದೆ ಹಳೆಯ ಓವರ್‌ಹೆಡ್ ಪ್ರೊಜೆಕ್ಟರಿನ ಲೆನ್ಸು, ಬಿಸಿ ಆರಿಸಲು ಕಂಪ್ಯೂಟರಿನ 12 ವೋಲ್ಟ್ ಫ್ಯಾನು. ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಪರದೆಯನ್ನೇ ತಲೆಕೆಳಗಾಗಿ ನಿಲ್ಲಿಸಿದ್ದಾನೆ.

ಫಲಕದ ಹೆಸರುಗಳೆಲ್ಲ ಕನ್ನಡದಲ್ಲಿರಬೇಕೆಂದು ಮೇಷ್ಟ್ರ ಅಪ್ಪಣೆ. ಪ್ರಕ್ಷೇಪಕ, ಪೀನ ಮಸೂರ, ಸಂಗಮದೂರ ಎಲ್ಲ ಸಿಕ್ಕವು. ಉಳಿದಿರುವುದು ಎಲ್‌ಇಡಿಗೂ ಪರದೆಗೂ ನಡುವೆ ನಿಲ್ಲುವ ಫ್ರೆನೆಲ್ ಲೆನ್ಸು. ಒಂದು ಬದಿ ನುಣುಪು; ಇನ್ನೊಂದರ ಮೇಲೆ ಉಗುರಾಡಿಸಿದರೆ ಗ್ರಾಮಫೋನ್ ತಟ್ಟೆಯಂತೆ ಜರ್ರೆನ್ನುತ್ತದೆ. ನಡುವಿನಿಂದ ಅಂಚಿನವರೆಗೆ ಬಳೆಯೊಳಗೆ ಬಳೆ ಇಟ್ಟ ಹಾಗೆ ಗೆರೆಗಳು. ಚೆದರುವ ಬೆಳಕನ್ನು ನೇರಮಾಡಿ ಪರದೆಗೆ ಕಳಿಸುವುದು ಅದರ ಕೆಲಸ. ‘ಬಳೆಮಸೂರ’ ಎಂದರೆ ನಡೆಯುತ್ತದೆಯೇ? ಫ್ಲೆಕ್ಸ್ ಅಂಗಡಿಯವರು ಐದು ಗಂಟೆಗೆ ಮುದ್ರಿಸುತ್ತಾರೆ.

ಚಿತ್ರದುರ್ಗದಿಂದ

ನಡೆಯುವುದಿಲ್ಲ. ಅಪ್ಪಟ ಅರಿಸಮಾಸ. ಅದಿರಲಿ, ಮಸೂರ ಎಂದರೆ ಚನ್ನಂಗಿ ಬೇಳೆ. ಲ್ಯಾಟಿನ್ನಿನ ‘ಲೆನ್ಸ್’ ಕೂಡ ಅದೇ ಕಾಳು. ಗಾಜಿನ ಉಬ್ಬು ಕಂಡು ಅವರಿಟ್ಟ ಹೆಸರನ್ನು ನಾವು ಸಂಸ್ಕೃತದಲ್ಲಿ ಹೇಳಿಕೊಂಡೆವು, ಅಷ್ಟೇ. ನಿಮ್ಮ ಹಾಳೆ ಹಪ್ಪಳದ ಹಾಗೆ ಚಪ್ಪಟೆ. ಹಪ್ಪಳಕ್ಕೆ ಬೇಳೆಯ ಹೆಸರೇಕೆ? ‘ವಲಯಕಾಚ’ ಎಂದು ಬರೆಸಿ.

ಹರಿಹರದಿಂದ

‘ವಲಯ’ ಎಂದು ಓದಿದವರು ಅರಣ್ಯ ಇಲಾಖೆಯ ಮಳಿಗೆ ಎಂದುಕೊಂಡಾರು. ಹಾಳೆ ಪ್ಲಾಸ್ಟಿಕ್ಕಿನದು, ಕಾಚವೂ ಅಲ್ಲ.

ಉಬ್ಬಿಲ್ಲ ಎಂಬುದೂ ತಪ್ಪು. ಬೆಳಕು ಬಾಗುವುದು ಮೈಮೇಲಿನ ಇಳಿಜಾರಿನಲ್ಲಿ, ಹೊಟ್ಟೆಯೊಳಗಿನ ದಪ್ಪದಲ್ಲಲ್ಲ. ದಪ್ಪವನ್ನು ತೆಗೆದುಹಾಕಿ ಇಳಿಜಾರನ್ನಷ್ಟೇ ಉಂಗುರ ಉಂಗುರವಾಗಿ ಕೆಳಗಿಳಿಸಿದರೆ ಈ ಹಾಳೆ. ಫ್ರಾನ್ಸಿನ ಫ್ರೆನೆಲ್ 1823ರಲ್ಲಿ ದೀಪಸ್ತಂಭಕ್ಕೆ ಕೂರಿಸಿದ್ದೂ ಈ ಉಪಾಯವನ್ನೇ. (‘ಸ್’ ಉಚ್ಚಾರವಿಲ್ಲ, ಫ್ರೆಸ್ನೆಲ್ ಎಂದು ಮುದ್ರಿಸಿಬಿಟ್ಟೀರಿ.) ಅಂದಮೇಲೆ ಇದು ಮಸೂರವೇ.

ಅರಿಸಮಾಸದ ಮಾತನ್ನು ಬಸ್ ನಿಲ್ದಾಣದಲ್ಲಿ ಇಳಿಯುವವರು ಎತ್ತಬಾರದು.

ಚಿತ್ರದುರ್ಗದಿಂದ

ಬಸ್ ನಿಲ್ದಾಣಕ್ಕೆ ಹೆಸರಿಟ್ಟವನು ನಾನಲ್ಲ. ಬಳೆ ‘ವಲಯ’ದ ತದ್ಭವ ಎಂದು ಯಾರಾದರೂ ಹೊರಡುವ ಮೊದಲೇ ಹೇಳುತ್ತೇನೆ: ತಮಿಳಿನ ‘ವಳೈ’ ನೋಡಿ, ಸುತ್ತುವರಿ ಎಂಬರ್ಥದ ನಮ್ಮ ‘ಬಳಸು’ ನೋಡಿ. ಬೇರು ಇಲ್ಲಿಯದೇ. ಇಂಥ ಬೇರಿರುವಾಗ ಎರವಲು ಏಕೆ? ಕಾಚ ಬೇಡವಾದರೆ ಬಿಡಿ, ‘ಬಳೆಗಾಜು’ ಎನ್ನಿ. ಅಚ್ಚಗನ್ನಡ.

ಹರಿಹರದಿಂದ

ಗಾಜು ‘ಕಾಚ’ದ ತದ್ಭವ, ಸ್ವಾಮಿ. ಬಾಗಿಲಿನಿಂದ ಕಳಿಸಿದ್ದು ಕಿಟಕಿಯಿಂದ ಬಂದಿದೆ. ಆ ಹುಡುಗನ ಪೆಟ್ಟಿಗೆಯಲ್ಲಿರುವ ‘ಪರದೆ’ ಫಾರ್ಸಿಯದು. ನಮ್ಮಜ್ಜಿ ಹಟ್ಟಿಗೆ ಹಿಡಿದು ಹೋಗುತ್ತಿದ್ದ ‘ಲಾಂದ್ರ’ ಹಡಗಿನಲ್ಲಿ ಬಂದದ್ದು. ಯಾರೂ ಅವುಗಳ ಜಾತಕ ಕೇಳಲಿಲ್ಲ.

ಚಿತ್ರದುರ್ಗದಿಂದ

ಕೇಳದಿದ್ದುದರಿಂದಲೇ ಇಂದು ‘ಲೆನ್ಸು’, ‘ಫ್ಯಾನು’ ಎಂದು ಉಕಾರ ಅಂಟಿಸಿದರೆ ಕನ್ನಡವಾಯಿತು ಎಂಬ ಭ್ರಮೆ ಹುಟ್ಟಿರುವುದು. ಈ ವಿಷಯದಲ್ಲಿ ಇನ್ನು ಬರೆಯುವುದಿಲ್ಲ.

ದಾವಣಗೆರೆಯಿಂದ

ಇಬ್ಬರಿಗೂ ವಂದನೆ. ಐದಾಗುತ್ತಿತ್ತು, ‘ಬಳೆಮಸೂರ’ ಎಂದೇ ಕೊಟ್ಟೆ. ಕೆಳಗೆ ಚಿಕ್ಕ ಅಕ್ಷರದಲ್ಲಿ ಫ್ರೆನೆಲ್. ‘ಬಳೆಗಾಜು’ ಎಂದರೆ ನಮ್ಮ ಮನೆಯಲ್ಲಿ ಒಡೆದ ಬಳೆಯ ಚೂರು, ಮಕ್ಕಳು ತುಳಿದಾರೆಂದು ಗುಡಿಸಿ ಹಾಕುವಂಥದ್ದು. ಅಂಗಡಿಯ ಹುಡುಗ ಮೊದಲ ಸಲ ‘ಬೇಳೆಮಸೂರ’ ಎಂದು ಅಚ್ಚುಹಾಕಿದ್ದ. ಚಿತ್ರದುರ್ಗದವರು ಫೋನ್ ಮಾಡಿ ಹೇಳಿರಬೇಕೆಂದು ಒಂದು ಕ್ಷಣ ಅನುಮಾನ ಬಂತು.