ಅಪ್‌ಡೇಟ್: ಕಾರಿನ ಇನ್‌ಟೇಕ್‌ಗೆ (ಎಂಜಿನ್ ಗಾಳಿ ಎಳೆಯುವ ದಾರಿಗೆ) ಈಗ ನಿಜವಾಗಿ ತಣ್ಣನೆ ಗಾಳಿ ಸಿಗ್ತಿದೆ

ಕೋನ್ ಫಿಲ್ಟರ್ (ಶಂಕುವಿನಾಕಾರದ ತೆರೆದ ಏರ್ ಫಿಲ್ಟರ್) ಹಾಕಿಸಿದರೂ ಕಾರಿನ ಪಿಕಪ್ ಯಾಕೆ ಜಾಸ್ತಿ ಆಗಿಲ್ಲ ಅಂತ ಕೇಳಿದ್ದೆ. ಮೊದಲು ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ನೋಡಿ ಅಂದವರಿಗೆ ಥ್ಯಾಂಕ್ಸ್. ಓಬಿಡಿ ಸ್ಕ್ಯಾನರ್ (ಕಾರಿನ ಸೆನ್ಸರ್‌ಗಳ ರೀಡಿಂಗ್ ತೋರಿಸುವ ಸಾಧನ) ಹಾಕಿ ನೋಡಿದೆ. ಹೊರಗೆ 30 ಡಿಗ್ರಿ, ಇನ್‌ಟೇಕ್ ಒಳಗೆ 52! ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನೇ ಫಿಲ್ಟರ್ ಎಳೆಯುತ್ತಿತ್ತು. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಪವರ್ ಕಮ್ಮಿ.

ಈಗ ಫಿಲ್ಟರ್ ಸುತ್ತ ಅಲ್ಯೂಮಿನಿಯಂ ತಗಡಿನ ಬಾಕ್ಸ್ ಮಾಡಿಸಿದ್ದೇನೆ. ಅಂಚಿಗೆಲ್ಲ ರಬ್ಬರ್ ಬೀಡಿಂಗ್ ಇದೆ, ಬಾನೆಟ್ ಮುಚ್ಚಿದರೆ ಗಟ್ಟಿಯಾಗಿ ಒತ್ತಿ ಕೂರುತ್ತದೆ. ಮುಂದಿನ ಗ್ರಿಲ್‌ನಿಂದ ಬಾಕ್ಸ್‌ಗೆ 3 ಇಂಚಿನ ಡಕ್ಟ್ ಎಳೆದಿದ್ದೇನೆ. ಗಾಡಿ ಓಡುವಾಗ ಈಗ 36ರ ಆಸುಪಾಸು. ಟ್ರಾಫಿಕ್‌ನಲ್ಲಿ ನಿಂತರೆ ಮತ್ತೆ ಏರುತ್ತದೆ, ಅದಕ್ಕೇನೂ ಮಾಡೋಕಾಗಲ್ಲ.

ಪವರ್ ಸಿಕ್ಕಾಪಟ್ಟೆ ಏನೂ ಏರಿಲ್ಲ. 10 ಡಿಗ್ರಿ ಇಳಿದರೆ ಗಾಳಿ ದಟ್ಟವಾಗುವುದು ಸುಮಾರು ಶೇ. 3 ಅಷ್ಟೇ ಅಲ್ವಾ? ಆದರೂ ಮೂರನೇ ಗೇರ್‌ನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಗಾಡಿ ನಿಂತಿದ್ದಾಗ ಎಂಜಿನ್ ವೇಗ (ಐಡಲ್) ಏರಿಳಿಯುವ ತೊಂದರೆಯೂ ಇತ್ತು, ಅದಕ್ಕೆ ಕಾರಣ ಬೇರೆ: ಮಾಸ್ ಏರ್‌ಫ್ಲೋ ಸೆನ್ಸರ್‌ಗೆ (ಒಳಗೆ ಹೋಗುವ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್) ಸ್ವಲ್ಪ ಮುಂಚೆಯೇ ಪೈಪ್‌ನಲ್ಲಿ ತಿರುವು ಇತ್ತು, ಗಾಳಿ ಸುಳಿದು ಅಳತೆ ತಪ್ಪುತ್ತಿತ್ತು. ಅಲ್ಲಿ ನೇರ ಪೈಪ್ ಕೂರಿಸಿದ ಮೇಲೆ ಐಡಲ್ ಸ್ಥಿರವಾಯ್ತು.

ನೀರಿನ ಭಯಕ್ಕೆ ಡಕ್ಟ್ ಬಾಯಿಯನ್ನು ಬಂಪರ್ ಕೆಳಗೆ ಇಳಿಸಿಲ್ಲ. ಬಾಕ್ಸ್ ತಳದಲ್ಲಿ ಒಂದು ಸಣ್ಣ ತೂತೂ ಕೊರೆಸಿದ್ದೇನೆ. ಜೋರು ಮಳೆಯಲ್ಲಿ ಓಡಿಸಿದ ಮೇಲೆ ಫಿಲ್ಟರ್ ಬಿಚ್ಚಿ ನೋಡಬೇಕು.