ಸಿಂಗಾಪುರಕ್ಕೆ ಹೊರಟಿರುವ ತಂಗಿಗೆ: ಹಗಲೆಲ್ಲ ಮಕ್ಕಳ ಜೊತೆ ಯಾರಿರುತ್ತಾರೆ?

ಕಳೆದ ವಾರ ನಮ್ಮ ಗುಂಪಿನಲ್ಲಿ ಹುಬ್ಬಳ್ಳಿ ಕಡೆಯ ತಂಗಿಯೊಬ್ಬರು ಕೇಳಿದ್ದರು. ಯಜಮಾನರಿಗೆ ಸಿಂಗಾಪುರದಲ್ಲಿ ಕೆಲಸ ಸಿಕ್ಕಿದೆ, ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದು. ಬಾಡಿಗೆ ಎಷ್ಟಾಗುತ್ತದೆ, ಯಾವ ಏರಿಯಾ ಒಳ್ಳೆಯದು, ಯಾವ ಶಾಲೆ? ಇದಕ್ಕೆಲ್ಲ ಬಹಳ ಜನ ಆಗಲೇ ಚೆನ್ನಾಗಿ ಉತ್ತರ ಕೊಟ್ಟಿದ್ದೀರಿ. ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. ಹಗಲೆಲ್ಲ ಮಕ್ಕಳ ಜೊತೆ ಮನೆಯಲ್ಲಿ ಯಾರಿರುತ್ತಾರೆ? ಅವರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ? ವಿಮಾನ ಹತ್ತುವ ಮೊದಲೇ ಇದನ್ನು ಕೂತು ಮಾತಾಡಿಕೊಳ್ಳಿ. ನಾವು ಮಾತಾಡಿಕೊಂಡಿರಲಿಲ್ಲ.

ನಾವು ಬಂದಿದ್ದು 2022ರ ಜನವರಿಯಲ್ಲಿ. ಮಗಳಿಗೆ ಆಗ ಮೂರೂವರೆ, ಮಗ ಇನ್ನೂ ಮೊಲೆಹಾಲು ಕುಡಿಯುವ ಕೂಸು.

ಮನೆಯ ವಿಷಯ ಬೇಗ ಮುಗಿಸುತ್ತೇನೆ. ಇಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಕರಾರು. ಅದರಲ್ಲಿ ಡಿಪ್ಲೊಮ್ಯಾಟಿಕ್ ಕ್ಲಾಜ್ ಅಂತ ಒಂದು ಷರತ್ತು ಹಾಕಿಸಿಕೊಳ್ಳಿ. ಕೆಲಸ ಹೋದರೆ ಅಥವಾ ದೇಶ ಬಿಡಬೇಕಾಗಿ ಬಂದರೆ, ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ ಎರಡು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಇದಿಲ್ಲದೆ ಸಹಿ ಹಾಕಬೇಡಿ. "ಜಾಸ್ತಿ ಅಡುಗೆ ಮಾಡುತ್ತೀರಾ?" ಅಂತ ಏಜೆಂಟರು ಕೇಳುತ್ತಾರೆ. ಒಗ್ಗರಣೆ ವಾಸನೆಯ ಕಾರಣಕ್ಕೇ ನಮಗೆ ಎರಡು ಮನೆ ತಪ್ಪಿದವು. ಆ ದಿನ ತುಂಬಾ ಬೇಜಾರಾಗಿತ್ತು. ಆದರೂ ಸುಳ್ಳು ಹೇಳಬೇಡಿ. ದಿನಾ ಅಡುಗೆ ಮಾಡುತ್ತೇವೆ, ಮನೆ ಚೊಕ್ಕಟವಾಗಿ ಇಡುತ್ತೇವೆ ಅಂತ ನೇರವಾಗಿ ಹೇಳಿದ ಮೇಲೆಯೇ ನಮಗೆ ಈಗಿನ ಮನೆ ಸಿಕ್ಕಿದ್ದು. ಸಾಮಾನಿಗೆ ಚಿಂತೆ ಬೇಡ. ಲಿಟಲ್ ಇಂಡಿಯಾದ ಟೆಕ್ಕಾ ಮಾರ್ಕೆಟ್ಟಿನಲ್ಲಿ ಕರಿಬೇವು, ನುಗ್ಗೆಕಾಯಿ, ಬಾಳೆಎಲೆ ಎಲ್ಲ ಸಿಗುತ್ತದೆ. ರಾಗಿ ಹಿಟ್ಟೂ ಸಿಗುತ್ತದೆ. ಈ ಸೆಖೆಗೆ ಇಡ್ಲಿ ಹಿಟ್ಟು ವರ್ಷಪೂರ್ತಿ ಚೆನ್ನಾಗಿ ಹುದುಗುತ್ತದೆ, ಅದೊಂದು ಖುಷಿ.

ಈಗ ನಿಮ್ಮ ಕೆಲಸದ ವಿಷಯ. ನೀವು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೀರಿ ಅಂತ ಬರೆದಿದ್ದೀರಿ. ಇಲ್ಲಿಗೆ ನೀವು ಬರುವುದು ಡಿಪೆಂಡೆಂಟ್ಸ್ ಪಾಸ್ ಮೇಲೆ, ಅಂದರೆ ಇಲ್ಲಿ ಕೆಲಸದಲ್ಲಿರುವವರ ಹೆಂಡತಿ ಮಕ್ಕಳಿಗೆ ಕೊಡುವ ಪಾಸ್. ಮೊದಲು ಈ ಪಾಸ್ ಇದ್ದವರು ಕಂಪನಿಯಿಂದ ಒಂದು ಒಪ್ಪಿಗೆ ಪತ್ರ ಮಾಡಿಸಿಕೊಂಡು ಕೆಲಸ ಮಾಡಬಹುದಿತ್ತು. 2021ರ ಮೇ 1ರಿಂದ ಅದು ನಿಂತುಹೋಯಿತು. ಕೆಲಸಕ್ಕೆ ಸೇರಬೇಕಾದರೆ ನಿಮ್ಮದೇ ವರ್ಕ್ ಪಾಸ್ ಬೇಕು. ಎಂಪ್ಲಾಯ್‌ಮೆಂಟ್ ಪಾಸ್ ಅನ್ನುವ ವರ್ಕ್ ಪಾಸಿಗೆ ಕನಿಷ್ಠ ಸಂಬಳದ ಮಿತಿ ಇದೆ. 2025ರ ಜನವರಿಯಿಂದ ಹೊಸ ಅರ್ಜಿಗೆ ತಿಂಗಳಿಗೆ 5,600 ಸಿಂಗಾಪುರ ಡಾಲರಿನಿಂದ ಶುರು, ವಯಸ್ಸು ಹೆಚ್ಚಿದಂತೆ ಮಿತಿಯೂ ಏರುತ್ತದೆ. ಅದರ ಮೇಲೆ 2023ರಿಂದ ಓದು, ಸಂಬಳ ಮುಂತಾದವಕ್ಕೆ ಅಂಕ ಕೊಟ್ಟು ಅರ್ಜಿ ತೂಗುವ ಲೆಕ್ಕವೂ ಬಂದಿದೆ.

ನನಗೆ ಇದು ಗೊತ್ತಿತ್ತು. ಆದರೆ ಅದರ ಭಾರ ಗೊತ್ತಿರಲಿಲ್ಲ. ಎಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು ಹದಿನಾಲ್ಕು ತಿಂಗಳು ಮನೆಯಲ್ಲಿದ್ದೆ. ಅರ್ಜಿ ಹಾಕಿದ ಕಡೆಯೆಲ್ಲ ಮೊದಲ ಫೋನಿನಲ್ಲೇ ಪಾಸ್ ಬಗ್ಗೆ ಕೇಳುತ್ತಿದ್ದರು, ಅಲ್ಲಿಗೇ ಮಾತು ಮುಗಿಯುತ್ತಿತ್ತು. ಹದಿನಾರನೇ ಮಹಡಿ. ಮಧ್ಯಾಹ್ನ ಮಗು ಮಲಗಿದರೆ ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಯಜಮಾನರು ರಾತ್ರಿ ಎಂಟಕ್ಕೆ ಬರುತ್ತಿದ್ದರು. "ಇವತ್ತು ಏನು ಮಾಡಿದೆ?" ಅಂತ ಪ್ರೀತಿಯಿಂದಲೇ ಕೇಳುತ್ತಿದ್ದರು. ನನಗೆ ಅಳು ಬರುತ್ತಿತ್ತು. ಇದನ್ನು ನಿಮಗೆ ಹೆದರಿಸಲು ಹೇಳುತ್ತಿಲ್ಲ. ಈ ದಿನಗಳು ಬರುತ್ತವೆ ಅಂತ ಗಂಡ ಹೆಂಡತಿ ಇಬ್ಬರಿಗೂ ಮೊದಲೇ ಗೊತ್ತಿರಬೇಕು, ಅದಕ್ಕೆ. ಬೆಂಗಳೂರಿನ ಕಂಪನಿಯಿಂದಲೇ ಇಲ್ಲಿಗೆ ವರ್ಗಾವಣೆ ಸಿಗುತ್ತದೆಯೇ ಅಂತ ರಾಜೀನಾಮೆ ಕೊಡುವ ಮುಂಚೆ ಕೇಳಿ ನೋಡಿ.

ಆದರೆ ಆ ಹದಿನಾಲ್ಕು ತಿಂಗಳಲ್ಲಿ ಒಂದು ಒಳ್ಳೆಯದಾಗಿತ್ತು. ಅದು ನನಗೆ ಗೊತ್ತಾಗಿದ್ದು ಕಳೆದುಕೊಂಡ ಮೇಲೆ. ಹಗಲೆಲ್ಲ ನಾನು ಮಕ್ಕಳ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದೆ. ಬಟ್ಟೆ ಮಡಚುವಾಗ, ತರಕಾರಿ ಹೆಚ್ಚುವಾಗ, ಕೆಳಗೆ ಆಟದ ಜಾಗಕ್ಕೆ ಹೋಗುವಾಗ. ಮಗಳು ಅರಳು ಹುರಿದಂತೆ ಮಾತಾಡುತ್ತಿದ್ದಳು.

2023ರ ಮಾರ್ಚಿನಲ್ಲಿ ನನಗೆ ಕೆಲಸ ಸಿಕ್ಕಿತು. ಮಕ್ಕಳನ್ನು ನೋಡಿಕೊಳ್ಳಲು ಮ್ಯಾನ್ಮಾರಿನ ಅಕ್ಕ ಒಬ್ಬರು ಬಂದರು. ಮಕ್ಕಳೂ ಅವರನ್ನು ಅಕ್ಕ ಅಂತಲೇ ಕರೆಯುತ್ತಾರೆ. ತುಂಬಾ ಒಳ್ಳೆಯವರು. ಅವರ ಊರಲ್ಲೂ ಇಬ್ಬರು ಮಕ್ಕಳಿದ್ದಾರೆ, ಅವರನ್ನು ಬಿಟ್ಟು ನಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ಅವರ ವಾರದ ರಜೆಯನ್ನು ದಯವಿಟ್ಟು ಯಾರೂ ಕಿತ್ತುಕೊಳ್ಳಬೇಡಿ. ದುಡ್ಡು ಕೊಟ್ಟು ಎಲ್ಲ ರಜೆಯನ್ನೂ ಕೆಲಸಕ್ಕೆ ಹಾಕುವಂತಿಲ್ಲ. ತಿಂಗಳಿಗೆ ಒಂದು ರಜೆಯನ್ನಾದರೂ ಕೊಡಲೇಬೇಕು ಅಂತ 2023ರಿಂದ ನಿಯಮವೇ ಇದೆ. ನಾವು ನಾಲ್ಕನ್ನೂ ಕೊಡುತ್ತೇವೆ.

ಅಕ್ಕ ಮಕ್ಕಳ ಜೊತೆ ಮಾತಾಡುವುದು ಇಂಗ್ಲಿಷಿನಲ್ಲಿ. ಬೇರೆ ದಾರಿ ಇಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಏಳರ ತನಕ ಮನೆಯ ಭಾಷೆ ಬದಲಾಯಿತು. ನಾವಿಬ್ಬರೂ ಗಮನಿಸಲೇ ಇಲ್ಲ.

ಒಂದು ಸಂಜೆ ದಾವಣಗೆರೆಯಿಂದ ನಮ್ಮತ್ತೆ ವಿಡಿಯೋ ಕಾಲ್ ಮಾಡಿದ್ದರು. ಇಲ್ಲಿ ಏಳೂವರೆ ಅಂದರೆ ಊರಲ್ಲಿ ಸಂಜೆ ಐದು. ಅತ್ತೆ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. "ನನ್ನವ್ವ, ಉಂಡಿಯೇನೇ? ಏನು ಉಂಡಿ?" ಅಂದರು. ಮಗಳು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು, ಅಜ್ಜಿ ಏನು ಹೇಳುತ್ತಿದ್ದಾರೆ ಅಂತ. ಅತ್ತೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಸರಿ ಇಲ್ಲ ಅಂತ ಹೇಳಿ ಫೋನ್ ಇಟ್ಟರು. ನೆಟ್‌ವರ್ಕ್ ಸರಿಯಾಗೇ ಇತ್ತು. ಆವತ್ತು ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ.

ಆಮೇಲೆ ನಾವು ಮಾಡಿದ್ದು ದೊಡ್ಡದೇನಲ್ಲ. "ಕನ್ನಡದಲ್ಲಿ ಹೇಳು" ಅಂತ ಗದರುವುದನ್ನು ಮೊದಲ ವಾರದಲ್ಲೇ ಬಿಟ್ಟೆವು. ಗದರಿದರೆ ಮಕ್ಕಳು ಮಾತಾಡುವುದನ್ನೇ ನಿಲ್ಲಿಸುತ್ತವೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾವು ಕನ್ನಡದಲ್ಲಿ ಒಮ್ಮೆ ಹೇಳಿ ಮಾತು ಮುಂದುವರಿಸುತ್ತೇವೆ, ಅಷ್ಟೇ. ಊಟಕ್ಕೆ ಕೂರಿಸುವುದು ಅಪ್ಪನ ಕೆಲಸ, ಮಲಗಿಸುವಾಗ ಕಥೆ ನನ್ನದು. ಏಳೂವರೆಯ ಕರೆ ದಿನಾ ತಪ್ಪದೆ ಅಜ್ಜಿಗೆ ಹೋಗುತ್ತದೆ. ಆಗ ನಾವು ಪಕ್ಕದಲ್ಲಿ ಕೂರುವುದಿಲ್ಲ. ನಾವಿದ್ದರೆ ಮಗಳು ಅನುವಾದಕ್ಕೆ ನಮ್ಮ ಮುಖ ನೋಡುತ್ತಾಳೆ. ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಕ್ಕೂ ಕರೆದುಕೊಂಡು ಹೋಗುತ್ತೇವೆ. ಬೇರೆ ಮಕ್ಕಳೂ ಈ ಭಾಷೆ ಮಾತಾಡುತ್ತಾರೆ ಅಂತ ಮಗಳು ಕಣ್ಣಾರೆ ನೋಡಿದ್ದು ಅಲ್ಲಿಯೇ.

ಅತ್ತೆ ಮಾವನನ್ನೇ ಇಲ್ಲಿ ಇಟ್ಟುಕೊಳ್ಳಬಾರದೇ ಅಂತ ಕೇಳುತ್ತೀರಿ. ತಂದೆ ತಾಯಿಗೆ ದೀರ್ಘಾವಧಿ ಪಾಸ್ ಬೇಕಾದರೆ ಇಲ್ಲಿ ವರ್ಕ್ ಪಾಸ್ ಇರುವವರ ಸಂಬಳ ತಿಂಗಳಿಗೆ ಕನಿಷ್ಠ 12,000 ಡಾಲರ್ ಇರಬೇಕು. ನಮಗೆ ಅಷ್ಟಿಲ್ಲ. ಪ್ರವಾಸಿ ವೀಸಾದಲ್ಲಿ ಬಂದು ಸ್ವಲ್ಪ ದಿನ ಇದ್ದು ಹೋಗುತ್ತಾರೆ.

ಇನ್ನು ಶಾಲೆ. ಇಲ್ಲಿ ಒಂದನೇ ತರಗತಿ ಶುರುವಾಗುವುದು ಜನವರಿಯಲ್ಲಿ, ಮಗುವಿಗೆ ಏಳು ತುಂಬುವ ವರ್ಷ. ಸರ್ಕಾರಿ ಶಾಲೆಯಲ್ಲಿ ನಮ್ಮಂಥ ವಿದೇಶಿ ಮಕ್ಕಳಿಗೆ ಉಳಿದವರೆಲ್ಲ ಸೇರಿದ ಮೇಲೆ, ಕೊನೆಯ ಹಂತದಲ್ಲಿ ಜಾಗ. ಸಿಕ್ಕೇ ಸಿಗುತ್ತದೆ ಅಂತ ಇಲ್ಲ. ಸಿಕ್ಕರೂ ಫೀಸು ತಿಂಗಳಿಗೆ ನೂರಾರು ಡಾಲರ್. ನಮಗೆ ಸಿಕ್ಕಿತು.

ಅಲ್ಲಿ 'ಮದರ್ ಟಂಗ್' ಅಂತ ಒಂದು ವಿಷಯ ಇದೆ. ಆರನೇ ತರಗತಿಯ ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನದ ಜೊತೆ ಅದೂ ಒಂದು. ಚೀನೀ, ಮಲಯ, ತಮಿಳು ಕಲಿಸುತ್ತಾರೆ. ಭಾರತದ ಬೇರೆ ಭಾಷೆಯವರಿಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡ ಇಲ್ಲ. ಮಾತೃಭಾಷೆ ಯಾವುದು ಅಂತ ಕೇಳಿ, ನಿಮ್ಮದು ಪಟ್ಟಿಯಲ್ಲಿ ಇಲ್ಲ ಅಂದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನನಗಂತೂ ಆಯಿತು.

ನಮ್ಮ ಕನ್ನಡದವರು ಹೆಚ್ಚಾಗಿ ಹಿಂದಿ ತೆಗೆದುಕೊಳ್ಳುತ್ತಾರೆ ಅಂತ ನಾನು ಕಂಡಿದ್ದೇನೆ. ಮುಂದೆ ಭಾರತಕ್ಕೆ ವಾಪಸ್ ಹೋದರೆ ಉಪಯೋಗ ಅನ್ನುತ್ತಾರೆ. ಅದೂ ಸರಿಯಾದ ಲೆಕ್ಕವೇ. ನಾವು ತಮಿಳು ಆರಿಸಿಕೊಂಡೆವು. ತಮಿಳು ಇಲ್ಲಿಯ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಮೆಟ್ರೋ ಸ್ಟೇಷನ್ನಿನ ಬೋರ್ಡಿನಲ್ಲಿ ಇದೆ, ಟೆಕ್ಕಾದ ತರಕಾರಿ ಅಂಗಡಿಯಲ್ಲಿ ಇದೆ. ಮಗು ಕಲಿತದ್ದನ್ನು ರಸ್ತೆಯಲ್ಲಿ ಕೇಳುತ್ತದೆ. ಮನೆಯಲ್ಲಿ ಕೆಲವರಿಗೆ ಇದು ಇಷ್ಟವಾಗಲಿಲ್ಲ. ಕನ್ನಡವೇ ಬಾರದ ಹುಡುಗಿಗೆ ತಮಿಳು ಕಲಿಸುತ್ತೀರಾ ಅಂದರು. ಆಗಲೂ ಅತ್ತೆ ಏನೂ ಅನ್ನಲಿಲ್ಲ.

ಮಗನ ವಿಷಯ ಒಂದು ಸಾಲು ಹೇಳಿಬಿಡುತ್ತೇನೆ, ಏಕೆಂದರೆ ನಿಮಗೂ ಮಗನಿದ್ದಾನೆ. ಮುಂದೆ ಇಲ್ಲಿ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ ಮಾಡಿಸಿದರೆ, ಪಿಆರ್ ಆದ ಮಗ ಹದಿನೆಂಟರ ಸುಮಾರಿಗೆ ಎರಡು ವರ್ಷ ನ್ಯಾಷನಲ್ ಸರ್ವಿಸ್, ಅಂದರೆ ಸೇನೆ ಮುಂತಾದ ಕಡೆ ಕಡ್ಡಾಯ ಸೇವೆ ಮಾಡಬೇಕು. ಅದು ತಪ್ಪೂ ಅಲ್ಲ, ಭಯಪಡುವಂಥದ್ದೂ ಅಲ್ಲ. ಆದರೆ ತಿಳಿದು ಅರ್ಜಿ ಹಾಕಿ. ನಾವು ಇನ್ನೂ ತೀರ್ಮಾನ ಮಾಡಿಲ್ಲ.

2025ರ ಜನವರಿಯಲ್ಲಿ ಮಗಳು ಒಂದನೇ ತರಗತಿಗೆ ಸೇರಿದಳು. ಮಾರ್ಚ್ ಹೊತ್ತಿಗೆ ಒಂದು ಸಂಜೆ ಅಜ್ಜಿಗೆ ಫೋನಿನಲ್ಲಿ ಹೇಳುತ್ತಿದ್ದಳು, ಸ್ಕೂಲಲ್ಲಿ ಹಾಲಿಗೆ 'ಪಾಲ್' ಅನ್ನುತ್ತಾರೆ ಅಂತ. ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಅತ್ತೆಯ ದನಿ ಬದಲಾಯಿತು. ಎಷ್ಟೋ ವರ್ಷದ ನಂತರ ತರಗತಿಯಲ್ಲಿ ನಿಂತಂತೆ ಇತ್ತು.

"ನಮ್ಮಲ್ಲೂ ಹಾಗೇ ಅಂತಿದ್ದರು ಕಣವ್ವ, ಹಳಗನ್ನಡದಲ್ಲಿ. ಹುಲಿಗೆ ಏನಂತಾರೆ ನಿಮ್ಮ ಟೀಚರ್?"

"ಪುಲಿ!"

"ಹೂವಿಗೆ?"

"ಪೂ!"

"ಹಲ್ಲಿಗೆ?"

ಮಗಳು ಸ್ವಲ್ಪ ಯೋಚಿಸಿ, ಕಲಿಯದೇ ಇದ್ದ ಪದವನ್ನು ತಾನೇ ಮಾಡಿಕೊಂಡು ಹೇಳಿದಳು, "ಪಲ್."

ಈಗ ಇದೇ ಅವರಿಬ್ಬರ ದಿನದ ಆಟ. ಹತ್ತು, ಹಗಲು, ಹಂದಿ ಎಲ್ಲ ಮುಗಿದಿವೆ. ತಮಿಳಿನಲ್ಲಿ ಪಳ್ಳಿ ಅಂದರೆ ಶಾಲೆ ಅಂತ ಮಗಳು ಹೇಳಿದಾಗ, ಹಳ್ಳಿಗೂ ಒಂದು ಕಾಲಕ್ಕೆ ಪಳ್ಳಿ ಅಂತಲೇ ಇತ್ತು ಅಂತ ಅತ್ತೆ ಹೇಳಿದರು. ನಿನ್ನೆ ಕರೆ ಮುಗಿಸಿ ಬಂದು ಮಗಳು ಕೇಳಿದಳು, "ಅಮ್ಮ, ಬೇಸಿಗೆಗೆ ಪಳ್ಳಿಗೆ ಹೋಗೋಣವಾ? ಸ್ಕೂಲ್ ಅಲ್ಲ, ಅಜ್ಜಿ ಪಳ್ಳಿಗೆ." ಅತ್ತೆ ಮಾವ ಇರುವುದು ದಾವಣಗೆರೆ ಪೇಟೆಯಲ್ಲೇ. ಅದನ್ನು ತಿದ್ದಲು ನನಗೆ ಮನಸ್ಸು ಬರಲಿಲ್ಲ. ಟಿಕೆಟ್ ನೋಡುತ್ತಿದ್ದೇವೆ.