ಎಕ್ಸ್‌ಎಸ್‌ಎಲ್‌ಟಿ: ವಾಕ್ಯದ ನಡುವಿನ ಟ್ಯಾಗುಗಳ ಕ್ರಮ ತಪ್ಪುತ್ತಿದೆ

ಪ್ರಶ್ನೆ:
ಜಾನಪದ ಹಾಡುಗಳ ಟಿಪ್ಪಣಿಗಳನ್ನು ಎಕ್ಸ್‌ಎಂಎಲ್‌ನಲ್ಲಿ ಬರೆದಿಟ್ಟಿದ್ದೇನೆ. ಅವನ್ನು ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ಕಡತಗಳನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ) ಮೂಲಕ ಎಚ್‌ಟಿಎಂಎಲ್ ಪುಟಗಳಾಗಿಸಬೇಕಾಗಿದೆ. ‘ಕೊಳಗ ಎಂದರೆ ಧಾನ್ಯ ಅಳೆಯುವ ಪಾತ್ರೆ, ಕಣದಲ್ಲಿ ರಾಶಿ ಅಳೆಯುವಾಗ ಬಳಸುತ್ತಿದ್ದರು’ ಎಂಬ ಪ್ಯಾರಾದಲ್ಲಿ ‘ಕೊಳಗ’ ಮತ್ತು ‘ಕಣ’ ಇವೆರಡು ‘ಪದ’ ಎಂಬ ಟ್ಯಾಗಿನೊಳಗೂ, ‘ಧಾನ್ಯ ಅಳೆಯುವ ಪಾತ್ರೆ’ ಎಂಬುದು ‘ಅರ್ಥ’ ಎಂಬ ಟ್ಯಾಗಿನೊಳಗೂ ಇವೆ. ಫಾರ್-ಈಚ್ (ಒಂದೇ ಬಗೆಯ ಟ್ಯಾಗುಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಸೂಚನೆ) ಬಳಸಿ ಮೊದಲು ಪದಗಳನ್ನೂ ಆಮೇಲೆ ಅರ್ಥಗಳನ್ನೂ ತೆಗೆದರೆ ‘ಕೊಳಗ ಕಣ ಧಾನ್ಯ ಅಳೆಯುವ ಪಾತ್ರೆ’ ಎಂದಷ್ಟೇ ಬರುತ್ತದೆ, ಉಳಿದ ಮಾತುಗಳೆಲ್ಲ ಮಾಯವಾಗುತ್ತವೆ. ಪದಗಳಿಗೆ ಕ್ರಮಸಂಖ್ಯೆ ಕೊಡಲು ಇಟ್ಟ ವೇರಿಯಬಲ್ ಕೂಡ 1ರಿಂದ ಮುಂದೆ ಹೋಗುವುದಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಫಾರ್-ಈಚ್ ಪಟ್ಟಿಯಂತಹ ದತ್ತಾಂಶಕ್ಕೆ ಸರಿ. ಮಾತಿನ ನಡುವೆ ಟ್ಯಾಗು ಬರುವ ಬರಹಕ್ಕೆ ಅದು ಒಗ್ಗುವುದಿಲ್ಲ. ‘ಪ್ಯಾರಾ’, ‘ಪದ’, ‘ಅರ್ಥ’ ಪ್ರತಿಯೊಂದಕ್ಕೂ ಒಂದೊಂದು ಟೆಂಪ್ಲೇಟ್ (ಆ ಟ್ಯಾಗು ಎದುರಾದಾಗ ಏನು ಮಾಡಬೇಕೆಂಬ ನಿಯಮ) ಬರೆದು, ಅದರೊಳಗೆ ಅಪ್ಲೈ-ಟೆಂಪ್ಲೇಟ್ಸ್ ಎಂದಷ್ಟೇ ಹೇಳಿ. ಆಗ ಪ್ರೊಸೆಸರ್ (ಎಕ್ಸ್‌ಎಸ್‌ಎಲ್‌ಟಿಯನ್ನು ನಡೆಸುವ ತಂತ್ರಾಂಶ) ಕಡತದ ಟ್ಯಾಗುಗಳ ಮರವನ್ನು ಮೂಲದ ಕ್ರಮದಲ್ಲೇ ಹಾಯುತ್ತ, ಎದುರಾದ ಪ್ರತಿ ನೋಡ್‌ಗೂ (ಟ್ಯಾಗು ಇಲ್ಲವೇ ಪಠ್ಯದ ತುಣುಕಿಗೂ) ಹೊಂದುವ ನಿಯಮವನ್ನು ತಾನೇ ಆರಿಸಿಕೊಳ್ಳುತ್ತದೆ. ಬರಿಯ ಪಠ್ಯಕ್ಕೆ ನೀವು ನಿಯಮ ಬರೆಯಬೇಕಾಗಿಲ್ಲ; ಅದನ್ನು ಹಾಗೆಯೇ ನಕಲಿಸುವ ನಿಯಮ ಭಾಷೆಯಲ್ಲೇ ಅಡಕವಾಗಿದೆ. ‘ಕಣ’ದ ಬೆನ್ನಿಗಿರುವ ‘ದಲ್ಲಿ’ ಎಂಬ ಪ್ರತ್ಯಯವೂ ಒಂದು ಪಠ್ಯ ನೋಡ್ ಆದ್ದರಿಂದ, ಅದೂ ತನ್ನ ಜಾಗದಲ್ಲೇ ಬಂದು ಕೂರುತ್ತದೆ. ಈ ಭಾಷೆಯ ನಿಜವಾದ ಬಲ ಇಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2:
ವೇರಿಯಬಲ್‌ಗೆ ಒಮ್ಮೆ ಬೆಲೆ ಕೊಟ್ಟ ಮೇಲೆ ಅದನ್ನು ಬದಲಿಸಲಾಗದು. ಫಾರ್-ಈಚ್‌ನ ಪ್ರತಿ ಸುತ್ತಿನಲ್ಲೂ ಹೊಸದೊಂದು ವೇರಿಯಬಲ್ ಹುಟ್ಟುವುದರಿಂದ ನಿಮಗೆ 1 ಮಾತ್ರ ಕಾಣುತ್ತಿದೆ. ‘ಪದ’ದ ಟೆಂಪ್ಲೇಟಿನಲ್ಲಿ ನಂಬರ್ ಎಂಬ ಸೂಚನೆಯನ್ನು ಬಳಸಿ, ಅದರ ಲೆವೆಲ್ ‘ಎನಿ’ (ಇಡೀ ಕಡತದಲ್ಲಿ ಎಣಿಸು) ಎಂದಿಡಿ. ಎಣಿಸುವ ಹೆಜ್ಜೆಗಳನ್ನು ನೀವು ಹೇಳುವುದಿಲ್ಲ, ಮರದಲ್ಲಿ ಈ ನೋಡ್ ಎಷ್ಟನೆಯದೆಂದು ಕೇಳುತ್ತೀರಿ, ಅಷ್ಟೆ. ಮುಂದೆ ಪದಗಳನ್ನು ಮೊದಲ ಅಕ್ಷರದಂತೆ ಗುಂಪು ಮಾಡುವುದಾದರೆ, ಎಕ್ಸ್‌ಎಸ್‌ಎಲ್‌ಟಿಯ 1999ರ 1.0 ಆವೃತ್ತಿಯಲ್ಲಿ ಅದಕ್ಕೆ ನೇರ ಸೌಲಭ್ಯವಿಲ್ಲ, 2007ರ 2.0ದಲ್ಲಿ ಫಾರ್-ಈಚ್-ಗ್ರೂಪ್ ಇದೆ. ಎಕ್ಸ್‌ಎಸ್‌ಎಲ್‌ಟಿಪ್ರೊಕ್ ಎಂಬ ಪ್ರೊಸೆಸರ್ 1.0ಕ್ಕೇ ನಿಂತಿರುವುದರಿಂದ ಸ್ಯಾಕ್ಸನ್ ಎಂಬ ಇನ್ನೊಂದನ್ನು ಬಳಸಬೇಕಾಗುತ್ತದೆ. ಯುನಿಕೋಡ್‌ನಲ್ಲಿ ‘ಕೊ’ ಎಂಬುದು ‘ಕ’ ಮತ್ತು ಸ್ವರಚಿಹ್ನೆಯಾಗಿ ಬಿಡಿಬಿಡಿಯಾಗಿರುವುದರಿಂದ, ಸಬ್‌ಸ್ಟ್ರಿಂಗ್ (ಪದದ ತುಣುಕನ್ನು ತೆಗೆಯುವ ಫಂಕ್ಷನ್) ಮೂಲಕ ಮೊದಲ ಅಕ್ಷರ ತೆಗೆದರೆ ಕೊಳಗ, ಕಣ ಎರಡೂ ‘ಕ’ದ ಕೆಳಗೇ ಬರುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ವಾಕ್ಯಗಳು ಸರಿಯಾಗಿ ಬಂದಿವೆ. ಆದರೆ ಸಂಖ್ಯೆಯನ್ನು ಕಂಸದಲ್ಲಿಟ್ಟಾಗ ‘ಕಣ(2) ದಲ್ಲಿ’ ಎಂದು ನಡುವೆ ತೆರಪು ಬೀಳುತ್ತಿದೆ.

ಉತ್ತರ 1:
ಮುಚ್ಚುವ ಕಂಸದ ನಂತರ ನೀವು ಎಂಟರ್ ಒತ್ತಿ ಸಾಲು ಮುರಿದಿರಬೇಕು. ಟೆಂಪ್ಲೇಟಿನಲ್ಲಿ ಎರಡು ಟ್ಯಾಗುಗಳ ನಡುವೆ ಬರಿಯ ತೆರಪಷ್ಟೇ ಇದ್ದರೆ ಪ್ರೊಸೆಸರ್ ಅದನ್ನು ಬಿಟ್ಟುಬಿಡುತ್ತದೆ. ಅಕ್ಷರದ ಜೊತೆಗಿರುವ ತೆರಪನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಕಂಸವನ್ನು ಎಕ್ಸ್‌ಎಸ್‌ಎಲ್-ಟೆಕ್ಸ್ಟ್ ಟ್ಯಾಗಿನೊಳಗಿಡಿ, ‘ಕಣ(2)ದಲ್ಲಿ’ ಎಂದೇ ಕೂಡಿ ಬರುತ್ತದೆ.